ರಾಜನಿಗೆ ಬೇಕಿದ್ದುದು ಮದುವೆ, ಮಂತ್ರಿ ಹಿಡಿದದ್ದು ಕಾಯ್ದೆಯ ದಾರಿ

ಓದುಗರ ಪತ್ರ (ಸಾರಾಂಶ): ಕಳೆದ ಸಂಚಿಕೆಯ ಲೇಖನದಲ್ಲಿ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನನ್ನು ‘ಆಧುನಿಕ ಆಡಳಿತದ ಶಿಲ್ಪಿ’ ಎಂದಿದ್ದೀರಿ. ನೂರಾರು ಮಠಗಳನ್ನು ಒಡೆದವನಿಗೆ ಈ ಹೊಗಳಿಕೆ ಏಕೆ? ನಾವು ಕಥೊಲಿಕರ ಮನೆಗಳಲ್ಲಿ ಚಿಕ್ಕಂದಿನಿಂದ ಕೇಳಿದ್ದು ‘ಹೆಂಡತಿಯನ್ನು ಬಿಡಲು ಧರ್ಮವನ್ನೇ ಬಿಟ್ಟ ರಾಜ’ ಎಂದು. ಹೆನ್ರಿ ನಿಜಕ್ಕೂ ಪ್ರೊಟೆಸ್ಟಂಟ್ ಆದನೇ? ಮಗಳು ಮೇರಿ ಪಟ್ಟಕ್ಕೆ ಬಂದ ಮೇಲೂ ಎಲ್ಲವೂ ಮೊದಲಿನಂತೆ ಆಗಲಿಲ್ಲವೇಕೆ? — ಒಬ್ಬ ಓದುಗ, ಮಂಗಳೂರು

ಸಂಪಾದಕರ ಉತ್ತರ:

ಮಾನ್ಯರೇ,

ಹೆನ್ರಿಯ ನಂಬಿಕೆಯ ವಿಚಾರವನ್ನು ಮೊದಲು ಮುಗಿಸೋಣ. ಅವನು ಪ್ರೊಟೆಸ್ಟಂಟ್ ಆಗಲಿಲ್ಲ. 1521ರಲ್ಲಿ ಲೂಥರನ ವಿರುದ್ಧ ಏಳು ಸಂಸ್ಕಾರಗಳನ್ನು ಸಮರ್ಥಿಸಿ ಅವನ ಹೆಸರಿನಲ್ಲಿ ಪುಸ್ತಕ ಬಂತು. ಅದಕ್ಕೆ ಮೆಚ್ಚಿ ಪೋಪ್ ಹತ್ತನೇ ಲಿಯೋ ‘ಧರ್ಮರಕ್ಷಕ’ ಎಂಬ ಬಿರುದು ಕೊಟ್ಟರು. ಪೋಪನನ್ನು ತಿರಸ್ಕರಿಸಿ ಐದು ವರ್ಷಗಳಾದ ಮೇಲೆ, 1539ರಲ್ಲಿ ಬಂದ ‘ಆರು ವಿಧಿಗಳ ಕಾಯ್ದೆ’ ಓದಿದರೆ ರೋಮಿನ ಯಾವ ಧರ್ಮಗುರುವೂ ಬಹುಪಾಲು ಒಪ್ಪುವಂತಿದೆ. ರೊಟ್ಟಿ ಮತ್ತು ದ್ರಾಕ್ಷಾರಸ ಕ್ರಿಸ್ತನ ಶರೀರ ರಕ್ತಗಳೇ ಆಗುತ್ತವೆ, ಗುರುಗಳು ಮದುವೆಯಾಗಬಾರದು, ಗುರುವಿನ ಮುಂದೆ ಪಾಪನಿವೇದನೆ ಇರಲೇಬೇಕು. ಮೊದಲನೆಯದನ್ನು ಅಲ್ಲಗಳೆದವರಿಗೆ ಬೆಂಕಿಯೇ ಶಿಕ್ಷೆ.

1540ರ ಜುಲೈ 30ರಂದು ಲಂಡನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ ಆರು ಜನರನ್ನು ಕೊಂದರು. ಲೂಥರನ ಕಡೆಯ ವಿಚಾರಗಳಿದ್ದ ಮೂವರನ್ನು ಪಾಷಂಡಿಗಳೆಂದು ಸುಟ್ಟರು. ಪೋಪನಿಗೆ ನಿಷ್ಠರಾಗಿದ್ದ ಮೂವರನ್ನು ರಾಜದ್ರೋಹಿಗಳೆಂದು ನೇಣಿಗೇರಿಸಿದರು. ಒಂದೇ ದಿನ, ಒಂದೇ ಜಾಗ. ಹೆನ್ರಿಯ ಧರ್ಮ ಯಾವುದು ಎಂದು ಕೇಳಿದವರಿಗೆ ನಾವು ಮೊದಲು ತೋರಿಸುವುದು ಈ ದಿನವನ್ನು.

ಇನ್ನು ಮದುವೆ. ಹೆನ್ರಿಯ ಮೊದಲ ಹೆಂಡತಿ ಕ್ಯಾಥರೀನ್ ಅವನ ಅಣ್ಣ ಆರ್ಥರನ ವಿಧವೆ. ಅಣ್ಣನ ಹೆಂಡತಿಯನ್ನು ವರಿಸಲು ಪೋಪ್ ಎರಡನೇ ಜೂಲಿಯಸ್ ವಿಶೇಷ ಅನುಮತಿ ಕೊಟ್ಟಿದ್ದರು, 1509ರಲ್ಲಿ ಮದುವೆಯಾಯಿತು. ಬದುಕುಳಿದದ್ದು ಮೇರಿ ಒಬ್ಬಳೇ. ಗಂಡು ಸಂತಾನದ ಹಂಬಲ, ಆಸ್ಥಾನದ ತರುಣಿ ಆನ್ ಬೊಲಿನ್ ಮೇಲಿನ ಮೋಹ, ಅಣ್ಣನ ಹೆಂಡತಿಯನ್ನು ಕೂಡಬಾರದೆಂಬ ಬೈಬಲ್ ವಾಕ್ಯ ತನ್ನನ್ನೇ ಶಪಿಸಿದೆಯೆಂಬ ಭಯ, ಮೂರೂ ಅವನಲ್ಲಿ ಸೇರಿಹೋದವು. ಈ ಮದುವೆ ಮೊದಲಿನಿಂದಲೇ ಅಸಿಂಧು ಎಂಬ ತೀರ್ಪು ಅವನಿಗೆ ಬೇಕಿತ್ತು. ಅಂದರೆ ಹಿಂದಿನ ಪೋಪ್ ಕೊಟ್ಟ ಅನುಮತಿಯೇ ತಪ್ಪೆಂದು ಈಗಿನ ಪೋಪ್ ಹೇಳಬೇಕಿತ್ತು. ಆದರೆ 1527ರಲ್ಲಿ ರೋಮ್ ನಗರವನ್ನು ಸೂರೆ ಮಾಡಿ ಈಗಿನ ಪೋಪ್ ಏಳನೇ ಕ್ಲೆಮೆಂಟರನ್ನು ಸೆರೆಯಲ್ಲಿಟ್ಟದ್ದು ಚಕ್ರವರ್ತಿ ಐದನೇ ಚಾರ್ಲ್ಸನ ಸೈನ್ಯ. ಕ್ಯಾಥರೀನ್ ಆ ಚಕ್ರವರ್ತಿಯ ಸ್ವಂತ ಚಿಕ್ಕಮ್ಮ. ತೀರ್ಪು ಬರುವುದಾದರೂ ಎಲ್ಲಿಂದ? 1529ರಲ್ಲಿ ಮೊಕದ್ದಮೆಯನ್ನೇ ರೋಮಿಗೆ ಕರೆಸಿಕೊಂಡರು. ಕೆಲಸ ಮಾಡಿಸಿಕೊಡಲಾಗದ ರಾಜನ ಪ್ರಧಾನ ಮಂತ್ರಿ ಕಾರ್ಡಿನಲ್ ವುಲ್ಸಿ ಅಧಿಕಾರ ಕಳೆದುಕೊಂಡ.

ನಿಮ್ಮ ಮನೆಯಲ್ಲಿ ಕೇಳಿದ ಮಾತು ಇಲ್ಲಿಯವರೆಗೆ ಸರಿ. ಆದರೆ ಮದುವೆಯ ವಿಷಯದಲ್ಲಿ ಪೋಪರೊಡನೆ ಜಗಳವಾಡಿದ ರಾಜರು ಹೆನ್ರಿಗಿಂತ ಮುಂಚೆಯೂ ಇದ್ದರು. ಅವರು ಬೇಡಿದರು, ಬೆದರಿಸಿದರು, ಕೊನೆಗೆ ರಾಜಿಯಾದರು. ಇಂಗ್ಲೆಂಡಿನಲ್ಲಿ ಹಾಗಾಗದಿರಲು ಕಾರಣ ಕ್ರಾಮ್‌ವೆಲ್. (ಒಂದು ಶತಮಾನದ ನಂತರ ಬಂದ ಆಲಿವರ್ ಕ್ರಾಮ್‌ವೆಲ್ ಬೇರೆ, ಈತನ ಅಕ್ಕನ ವಂಶದವನು.)

ಈತ ಪುಟ್ನಿಯ ಕಮ್ಮಾರನೊಬ್ಬನ ಮಗ. ಹರೆಯದಲ್ಲಿ ಊರು ಬಿಟ್ಟು ಇಟಲಿ, ನೆದರ್ಲೆಂಡ್ಸ್‌ಗಳಲ್ಲಿ ಅಲೆದು, ವ್ಯಾಪಾರವನ್ನೂ ಕಾನೂನನ್ನೂ ಕಲಿತು ವುಲ್ಸಿಯ ಬಳಿ ಕೆಲಸಕ್ಕೆ ಸೇರಿದ. ಆಗ ವುಲ್ಸಿ ಆಕ್ಸ್‌ಫರ್ಡ್ ಮತ್ತು ಇಪ್ಸ್‌ವಿಚ್‌ಗಳಲ್ಲಿ ತನ್ನ ಕಾಲೇಜುಗಳನ್ನು ಕಟ್ಟಲು ಸುಮಾರು 30 ಚಿಕ್ಕ ಮಠಗಳನ್ನು ಮುಚ್ಚಿಸುತ್ತಿದ್ದ, ಅದೂ ಪೋಪರ ಅಪ್ಪಣೆ ಪಡೆದೇ. ಆ ಮಠಗಳ ಜಮೀನು, ದಾಖಲೆ, ಲೆಕ್ಕಪತ್ರಗಳ ಕೆಲಸ ಕ್ರಾಮ್‌ವೆಲ್‌ನದು. ಮುಂದೆ ಮಾಡಿದ್ದಕ್ಕೆ ಅಭ್ಯಾಸ ಅಲ್ಲೇ ಆಗಿತ್ತು.

ರಾಜನ ಸಮಸ್ಯೆಗೆ ಅವನು ರೋಮಿನಲ್ಲಿ ಪರಿಹಾರ ಹುಡುಕಲಿಲ್ಲ, ವೆಸ್ಟ್‌ಮಿನ್‌ಸ್ಟರಿನ ಪಾರ್ಲಿಮೆಂಟಿನಲ್ಲಿ ಹುಡುಕಿದ. 1532ರಲ್ಲಿ ಧರ್ಮಗುರುಗಳ ಸಭೆ ರಾಜನಿಗೆ ಮಣಿಯಿತು. ಮರುದಿನವೇ ಥಾಮಸ್ ಮೋರ್ ರಾಜ್ಯದ ಅತಿ ದೊಡ್ಡ ಹುದ್ದೆಯಾದ ಚಾನ್ಸಲರ್ ಪದವಿ ಬಿಟ್ಟರು. 1533ರ ಕಾಯ್ದೆ ಇಂಗ್ಲೆಂಡ್ ಒಂದು ಸಾಮ್ರಾಜ್ಯ, ಅದರ ಮೇಲೆ ಹೊರಗಿನ ಯಾವ ನ್ಯಾಯಾಲಯವೂ ಇಲ್ಲ ಎಂದು ಸಾರಿ, ರೋಮಿಗೆ ಮೇಲ್ಮನವಿ ಹೋಗುವುದನ್ನು ನಿಲ್ಲಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಆರ್ಚ್‌ಬಿಷಪ್ ಕ್ರ್ಯಾನ್ಮರ್ ಹಳೆಯ ಮದುವೆ ಅಸಿಂಧು ಎಂದ. 1534ರಲ್ಲಿ ರಾಜನೇ ಇಂಗ್ಲೆಂಡಿನ ಧರ್ಮಸಭೆಯ ಪರಮೋಚ್ಚ ಮುಖ್ಯಸ್ಥನೆಂದು ಶಾಸನವಾಯಿತು. ಅದನ್ನು ಬರೀ ಬಾಯಿಮಾತಿನಲ್ಲಿ ಅಲ್ಲಗಳೆದರೂ ರಾಜದ್ರೋಹ ಎಂದು ಇನ್ನೊಂದು ಕಾಯ್ದೆ ಬಂತು.

ಇದರಲ್ಲಿ ಅಡಗಿದ್ದ ಅಪಾಯವನ್ನು ಸ್ಪಷ್ಟವಾಗಿ ಕಂಡವರು ಮೋರ್. ದೇವರ ಮತ್ತು ಧರ್ಮಸಭೆಯ ನಿಯಮಕ್ಕೆ ವಿರುದ್ಧವಾದುದನ್ನು ಒಂದು ದೇಶದ ಪಾರ್ಲಿಮೆಂಟ್ ಕಾಯ್ದೆ ಮಾಡಲು ಬರುವುದಿಲ್ಲ ಎಂಬುದು ರಾಜದ್ರೋಹದ ಮೊಕದ್ದಮೆಯಲ್ಲಿ ತೀರ್ಪು ಬಂದ ನಂತರ ಅವರು ಆಡಿದ ಮಾತಿನ ತಿರುಳು. ರಾಜನ ಈ ಅಧಿಕಾರವನ್ನು ಒಪ್ಪದ ಬಿಷಪ್ ಜಾನ್ ಫಿಷರ್ 1535ರ ಜೂನ್ 22ರಂದು, ಮೋರ್ ಜುಲೈ 6ರಂದು ತಲೆ ಕೊಟ್ಟರು. ನಿಮ್ಮ ಚರ್ಚುಗಳಲ್ಲಿ ಈ ಇಬ್ಬರನ್ನೂ ಸಂತರೆಂದು ನೆನೆಯುತ್ತೀರಿ. ಕಥೊಲಿಕರಲ್ಲದವರೂ ನೆನೆಯಬೇಕಾದ ಹೆಸರುಗಳು ಅವು.

ಮಠಗಳ ಬಗ್ಗೆ ನಿಮಗಿರುವ ನೋವು ನಮಗೂ ಇದೆ. 1535ರಲ್ಲಿ ಧರ್ಮಸಭೆಯ ಆಸ್ತಿಯೆಲ್ಲದರ ಆದಾಯವನ್ನು ಲೆಕ್ಕಹಾಕಿಸಿದರು. ಮರುವರ್ಷ ವರ್ಷಕ್ಕೆ 200 ಪೌಂಡಿಗಿಂತ ಕಡಿಮೆ ಆದಾಯದ ಮಠಗಳನ್ನು ಮುಚ್ಚುವ ಕಾಯ್ದೆ ಬಂತು. ಉತ್ತರದ ಜನ ದಂಗೆ ಎದ್ದರು. ಕ್ರಿಸ್ತನ ಪಂಚಗಾಯಗಳ ಬಾವುಟ ಹಿಡಿದು ಬಂದ ಅವರ ಬೇಡಿಕೆಗಳಲ್ಲಿ ಕ್ರಾಮ್‌ವೆಲ್‌ನನ್ನು ತೆಗೆಯಬೇಕೆಂಬುದೂ ಒಂದು. ಕ್ಷಮೆಯ ಮಾತು ನಂಬಿ ಚದುರಿದರು. ಅವರ ನಾಯಕ, ವಕೀಲ ರಾಬರ್ಟ್ ಆಸ್ಕ್‌ನನ್ನು 1537ರಲ್ಲಿ ಯಾರ್ಕ್‌ನಲ್ಲಿ ಗಲ್ಲಿಗೇರಿಸಿದರು. 1540ರ ಮಾರ್ಚಿನಲ್ಲಿ ವಾಲ್ಥಮ್ ಮಠ ಶರಣಾಗುವ ಹೊತ್ತಿಗೆ ಸುಮಾರು 800 ಸಂಸ್ಥೆಗಳು ಇಲ್ಲವಾಗಿದ್ದವು. ಚಾವಣಿಯ ಸೀಸ ಕರಗಿಸಿದರು, ಗ್ರಂಥಭಂಡಾರಗಳು ಚೆಲ್ಲಾಪಿಲ್ಲಿಯಾದವು, ಬಡವರಿಗೆ ಸಿಗುತ್ತಿದ್ದ ಅನ್ನ, ಆಸರೆ ನಿಂತವು. ಗ್ಲಾಸ್ಟನ್‌ಬರಿಯ ಮುದಿ ಮಠಾಧಿಪತಿ ರಿಚರ್ಡ್ ವೈಟಿಂಗ್‌ನನ್ನು ಊರ ಪಕ್ಕದ ಗುಡ್ಡದ ಮೇಲೆ ನೇಣು ಹಾಕಿದರು. ಅವನ ವಿಚಾರಣೆ ಮತ್ತು ಮರಣದಂಡನೆ ಗ್ಲಾಸ್ಟನ್‌ಬರಿಯಲ್ಲೇ ನಡೆಯಬೇಕೆಂದು ಕ್ರಾಮ್‌ವೆಲ್ ತನ್ನ ಟಿಪ್ಪಣಿಯಲ್ಲಿ ಮೊದಲೇ ಬರೆದಿಟ್ಟಿದ್ದ. ತೀರ್ಪಿಗೂ ಮುಂಚೆ ಬರೆದ ಶಿಕ್ಷೆ! ಇದಕ್ಕೆ ನಾವು ಯಾವ ಸಮರ್ಥನೆಯನ್ನೂ ಕೊಡಲಾರೆವು.

ಹಾಗಿದ್ದೂ ‘ಶಿಲ್ಪಿ’ ಎಂಬ ಮಾತನ್ನು ನಾವು ಉಳಿಸಿಕೊಳ್ಳುತ್ತೇವೆ, ಹೊಗಳಿಕೆಯಾಗಿ ಅಲ್ಲ. 1538ರಲ್ಲಿ ಅವನು ಹೊರಡಿಸಿದ ಆಜ್ಞೆಯಿಂದ ಪ್ರತಿ ಚರ್ಚಿನಲ್ಲೂ ಜನ ಓದಬಹುದಾದ ಇಂಗ್ಲಿಷ್ ಬೈಬಲ್ ಬಂತು. ಊರೂರಿನ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಪುಸ್ತಕದಲ್ಲಿ ಬರೆಯುವ ಪದ್ಧತಿ ಶುರುವಾಯಿತು. ರಾಜನ ಇಚ್ಛೆಯನ್ನು ಪಾರ್ಲಿಮೆಂಟಿನ ಮೂಲಕವೇ ನಡೆಸಬೇಕೆಂಬ ರೂಢಿ ಬಲವಾದದ್ದೂ ಅವನ ಕಾಲದಲ್ಲೇ. ಆದರೆ ವಿಚಾರಣೆಯಿಲ್ಲದೆ ಮನುಷ್ಯನನ್ನು ಅಪರಾಧಿ ಮಾಡುವ ಕಾಯ್ದೆಯನ್ನು ನೆಚ್ಚಿಕೊಂಡವನೂ ಅವನೇ. 1539ರಲ್ಲಿ ಹಳೆಯ ರಾಜಮನೆತನದ ವೃದ್ಧೆ ಮಾರ್ಗರೆಟ್ ಪೋಲ್‌ಳನ್ನು ಹಾಗೆಯೇ ಖಂಡಿಸಿದರು. ಉತ್ತರದ ದಂಗೆಯ ಬಾವುಟದಂತೆಯೇ ಪಂಚಗಾಯಗಳ ಚಿತ್ರವಿದ್ದ ಒಂದು ಅಂಗಿಯನ್ನು ಪಾರ್ಲಿಮೆಂಟಿನಲ್ಲಿ ಎತ್ತಿ ತೋರಿಸಿದ್ದೇ ಸಾಕ್ಷ್ಯ. ಮರುವರ್ಷ ಆ ಹಳ್ಳಕ್ಕೆ ತಾನೇ ಬಿದ್ದ. ಜರ್ಮನ್ ರಾಜಕುಮಾರಿ ಆನ್ ಆಫ್ ಕ್ಲೀವ್ಸ್‌ಳೊಂದಿಗೆ ಅವನು ಕುದುರಿಸಿದ ಮದುವೆ ರಾಜನಿಗೆ ಹಿಡಿಸಲಿಲ್ಲ, ಆಸ್ಥಾನದ ಶತ್ರುಗಳು ಕಾದಿದ್ದರು. ಜೂನ್ 10ರಂದು ಬಂಧನ. ‘ಕರುಣೆ, ಕರುಣೆ, ಕರುಣೆ’ ಎಂದು ಸೆರೆಮನೆಯಿಂದ ಬರೆದ. ವಿಚಾರಣೆ ನಡೆಯಲೇ ಇಲ್ಲ. ಜುಲೈ 28ರಂದು ಅವನ ತಲೆ ಉರುಳಿತು. ಅದೇ ದಿನ ಹೆನ್ರಿ ಕ್ಯಾಥರೀನ್ ಹೋವರ್ಡ್‌ಳನ್ನು ಮದುವೆಯಾದ. ಸ್ಮಿತ್‌ಫೀಲ್ಡ್‌ನ ಆ ಆರು ಜನ ಸತ್ತದ್ದು ಇದಾದ ಎರಡೇ ದಿನಕ್ಕೆ.

ಕೊನೆಯದಾಗಿ ಮೇರಿ. 1553ರಲ್ಲಿ ಪಟ್ಟಕ್ಕೆ ಬಂದ ಅವಳು ತಾಯಿಯ ಧರ್ಮವನ್ನು ಮರಳಿ ತರಲು ಮನಸಾರೆ ದುಡಿದಳು. ಪೋಪರ ಪ್ರತಿನಿಧಿಯಾಗಿ ಬಂದು ದೇಶವನ್ನು ರೋಮಿನೊಂದಿಗೆ ಕೂಡಿಸಿದ ಕಾರ್ಡಿನಲ್ ರೆಜಿನಾಲ್ಡ್ ಪೋಲ್ ಆ ಮಾರ್ಗರೆಟ್‌ಳ ಮಗ. ಆದರೆ ಮಠಗಳ ಜಮೀನು ಆಗಲೇ ಮಾರಾಟವಾಗಿ ನೂರಾರು ಮನೆತನಗಳ ಕೈಸೇರಿತ್ತು. ಕೊಂಡವರಲ್ಲಿ ಒಳ್ಳೆಯ ಕಥೊಲಿಕರೂ ಇದ್ದರು. ಪಾರ್ಲಿಮೆಂಟಿನಲ್ಲಿ ಕುಳಿತಿದ್ದವರೂ ಅವರೇ. 1554-55ರ ಚಳಿಗಾಲದಲ್ಲಿ ಹೆನ್ರಿಯ ಕಾಯ್ದೆಗಳನ್ನು ರದ್ದು ಮಾಡಲು ಅವರು ಒಪ್ಪಿದರು, ಜಮೀನು ತಮ್ಮಲ್ಲೇ ಉಳಿಯುತ್ತದೆ ಎಂಬ ಭರವಸೆಯನ್ನು ಅದೇ ಕಾಯ್ದೆಯೊಳಗೆ ಬರೆಸಿಕೊಂಡ ಮೇಲೆ. ಪೋಪರ ಅಧಿಕಾರ ಇಂಗ್ಲೆಂಡಿಗೆ ಮರಳಿದ್ದೂ ಪಾರ್ಲಿಮೆಂಟಿನ ಶಾಸನದಿಂದ. ಮೇರಿಯ ನಂತರ ಪಟ್ಟಕ್ಕೆ ಬಂದ, ಆನ್ ಬೊಲಿನ್‌ಳ ಮಗಳು ಎಲಿಜಬೆತ್ 1559ರಲ್ಲಿ ಅದನ್ನು ಇನ್ನೊಂದು ಶಾಸನದಿಂದ ತೆಗೆದುಹಾಕಿದಳು.

— ಸಂಪಾದಕ