ಬಲ ಹಾಕುವ ಮುಂಚೆ ಗುರುತು ನೋಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹತ್ಯಾರಿನವು ಜಾಸ್ತಿ, ಓದಿನವು ಎರಡು, ಕೆಲಸದ್ದು ಒಂದು. ಬೇರೆ ಬೇರೆ ಮಾಡದೆ ಎಲ್ಲವನ್ನೂ ಒಟ್ಟಿಗೆ ಹಾಕಿದ್ದೇನೆ. ಯಾಕೆಂದರೆ ಹೆಚ್ಚಿನವರ ಸಂಕಟ ಒಂದೇ: ಇಷ್ಟು ಕಷ್ಟಪಟ್ಟರೂ ಯಾಕೆ ಆಗ್ತಿಲ್ಲ?

ಪ್ರಶ್ನೆ: ಮರಗೆಲಸ ಕಲಿಯುತ್ತಿದ್ದೇನೆ. ಉಳಿಯನ್ನು ಗ್ರೈಂಡರ್‌ಗೆ ಹಿಡಿದು ಹರಿತ ಮಾಡಿಕೊಳ್ಳುತ್ತೇನೆ. ಸ್ವಲ್ಪ ಕೆಲಸ ಮಾಡುವಷ್ಟರಲ್ಲಿ ಮತ್ತೆ ಮೊಂಡು. ಮೊನ್ನೆ ಗ್ರೈಂಡರ್‌ಗೆ ಹಿಡಿದಾಗ ತುದಿ ನೀಲಿ ಬಣ್ಣಕ್ಕೆ ತಿರುಗಿತು. ಉಳಿಯೇ ಸರಿ ಇಲ್ವಾ? ಹೊಸದು ತಗೊಳ್ಳಬೇಕಾ?

ಉತ್ತರ: ಹೊಸದು ಬೇಡ. ಕಾರಣವನ್ನು ನೀವೇ ಬರೆದಿದ್ದೀರಿ, ಆ ನೀಲಿ ಬಣ್ಣ. ಉಳಿಗಳನ್ನು ಹೆಚ್ಚಾಗಿ ಕಾರ್ಬನ್ ಸ್ಟೀಲ್‌ನಲ್ಲಿ ಮಾಡುತ್ತಾರೆ. ಅದನ್ನು ಕೆಂಪಗೆ ಕಾಯಿಸಿ, ಎಣ್ಣೆಗೋ ನೀರಿಗೋ ಅದ್ದಿ ಗಟ್ಟಿ ಮಾಡುತ್ತಾರೆ. ಅಷ್ಟಕ್ಕೇ ಬಿಟ್ಟರೆ ಗಾಜಿನಂತೆ ಚಕ್ಕೆ ಏಳುತ್ತದೆ, ಅದಕ್ಕೇ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮತ್ತೊಮ್ಮೆ ಕಾಯಿಸಿ ಹದಕ್ಕೆ ತಂದಿರುತ್ತಾರೆ. ಆ ಹದಕ್ಕಿಂತ ಮೇಲೆ ಕಾಯ್ದರೆ ಗಟ್ಟಿತನ ಇಳಿದುಹೋಗುತ್ತದೆ. ಸ್ಟೀಲ್ ಎಷ್ಟು ಕಾಯ್ದಿದೆ ಅನ್ನುವುದನ್ನು ಅದರ ಬಣ್ಣವೇ ಹೇಳುತ್ತದೆ: ಸುಮಾರು 220 ಡಿಗ್ರಿಗೆ ತಿಳಿ ಹಳದಿ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ನೀಲಿ ಬಂತು ಅಂದರೆ ಆ ಭಾಗ ಮೆತ್ತಗಾಯಿತು ಅಂತಲೇ. ಅದನ್ನು ಎಷ್ಟು ಮಸೆದರೂ ಬಾಯಿ, ಅಂದರೆ ಕೊಯ್ಯುವ ಅಂಚು, ನಿಲ್ಲುವುದಿಲ್ಲ.

ನೀಲಿಯಾದ ಭಾಗವನ್ನು ಪೂರ್ತಿ ತೆಗೆದುಬಿಡಿ. ತೆಗೆಯುವಾಗ ಮತ್ತೆ ನೀಲಿ ಮಾಡಿಕೊಳ್ಳಬೇಡಿ. ಪಕ್ಕದಲ್ಲೇ ನೀರಿಟ್ಟುಕೊಳ್ಳಿ, ಹಗುರವಾಗಿ ತಾಗಿಸಿ, ಮೇಲಿಂದ ಮೇಲೆ ಅದ್ದಿ. ಉಳಿ ಹಿಡಿದ ಬೆರಳನ್ನು ಆದಷ್ಟು ತುದಿಯ ಹತ್ತಿರ ಇಡಿ, ಆದರೆ ಚಕ್ರಕ್ಕೆ ತಾಗದ ಹಾಗೆ. ಬೆರಳಿಗೆ ಬಿಸಿ ತಟ್ಟಿತು ಅಂದರೆ ಅದ್ದುವ ಹೊತ್ತಾಯಿತು ಅಂತ. ಕಣ್ಣಿನ ರಕ್ಷಣೆಯ ಕನ್ನಡಕ ಹಾಕದೆ ಗ್ರೈಂಡರ್ ಮುಂದೆ ನಿಲ್ಲಲೇಬೇಡಿ.

ಇನ್ನೊಂದು ವಿಷಯ. ಗ್ರೈಂಡರ್ ಬರೀ ಆಕಾರ ಕೊಡುತ್ತದೆ, ಹರಿತ ಬರುವುದು ಸಾಣೆ ಕಲ್ಲಿನಲ್ಲಿ. ಮೊದಲು ಉಳಿಯ ಬೆನ್ನು, ಅಂದರೆ ಚಪ್ಪಟೆ ಬದಿ, ತುದಿಯ ಹತ್ತಿರವಾದರೂ ಪೂರ್ತಿ ಸಮ ಇರಬೇಕು. ಬೆನ್ನಿನಲ್ಲಿ ಗೀರಿದ್ದರೆ ಆ ಗೀರು ಬಾಯಿಗೂ ಬರುತ್ತದೆ, ಇದನ್ನು ಎಷ್ಟೋ ಜನ ನೋಡುವುದೇ ಇಲ್ಲ. ಇಳಿಜಾರು ಬದಿಯನ್ನು ಸುಮಾರು 25 ಡಿಗ್ರಿಗೆ ಇಟ್ಟು, ಕಟ್ಟಕಡೆಯ ತುದಿಯನ್ನಷ್ಟೇ 30 ಡಿಗ್ರಿಗೆ ಎತ್ತಿ ಮಸೆಯಿರಿ. 1000 ಗ್ರಿಟ್ ಕಲ್ಲಿನಲ್ಲಿ (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು) ಮಸೆಯುತ್ತಾ ಹೋದರೆ ಹಿಂಬದಿಯಲ್ಲಿ ಕೂದಲಿನಷ್ಟು ತೆಳುವಾದ ಗರಿ ಏಳುತ್ತದೆ, ಅದಕ್ಕೆ ಬರ್ ಅಂತಾರೆ. ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಹೊರಗೆ ಜಾರಿಸಿದರೆ ಕೈಗೆ ತಗಲುತ್ತದೆ. ಅಂಚಿನ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ, ಕುಯ್ದುಬಿಡುತ್ತದೆ. ಆ ಗರಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಎದ್ದಿದ್ದರೆ ಮಾತ್ರ ನುಣ್ಣನೆಯ ಕಲ್ಲಿಗೆ ಹೋಗಿ. ಎದ್ದಿಲ್ಲದಿದ್ದರೆ ನಿಮ್ಮ ಮಸೆತ ಇನ್ನೂ ಬಾಯಿಯ ತನಕ ತಲುಪಿಯೇ ಇಲ್ಲ ಅಂತ ಅರ್ಥ. ಹೊಸಬರು ಸೋಲುವುದು ಇಲ್ಲೇ. 4000 ಅಥವಾ 6000 ಗ್ರಿಟ್‌ನಲ್ಲಿ ಎರಡೂ ಬದಿ ಉಜ್ಜಿ ಗರಿ ತೆಗೆದು, ಕೊನೆಗೆ ತೊಗಲಿನ ಮೇಲೆ ಹಿಮ್ಮುಖವಾಗಿ ಎಳೆದರೆ ಮುಗಿಯಿತು. ಮೆದು ಮರದ ತುಂಡಿನ ಅಡ್ಡತುದಿಯನ್ನು, ಅಂದರೆ ಮರದ ಎಳೆಗಳನ್ನು ಅಡ್ಡ ಕೊಯ್ದ ಮುಖವನ್ನು, ಕೆತ್ತಿ ನೋಡಿ. ಪುಡಿಪುಡಿಯಾಗದೆ ನುಣ್ಣಗೆ ಕೊಯ್ದರೆ ಹರಿತ ಬಂದಿದೆ.

ಪ್ರಶ್ನೆ: ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗೆ 6 ಮಿಲಿಮೀಟರ್ ತೂತು ಹೊಡೆಯಬೇಕಿತ್ತು. ಹೊಸ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಹಾಕಿ ಫುಲ್ ಸ್ಪೀಡ್ ಕೊಟ್ಟೆ. ಕಿರುಚಿತು, ಹೊಗೆ ಬಂತು, ಬಿಟ್ ಹಾಳಾಯಿತು, ತೂತು ಅರ್ಧಕ್ಕೇ ನಿಂತಿದೆ. ಈಗ ಇನ್ನೊಂದು ಬಿಟ್ ಹಾಕಿದರೂ ಕಚ್ಚುತ್ತಿಲ್ಲ.

ಉತ್ತರ: ಸ್ಪೀಡ್ ಜಾಸ್ತಿಯಾಯಿತು, ಒತ್ತಡ ಕಡಿಮೆಯಾಯಿತು. ಸ್ಟೇನ್‌ಲೆಸ್‌ನ ಗುಣವೇ ಹಾಗೆ, ಕತ್ತರಿಸದೆ ಬರೀ ಉಜ್ಜಿದರೆ ಉಜ್ಜಿದ ಜಾಗ ಇನ್ನಷ್ಟು ಗಟ್ಟಿಯಾಗುತ್ತದೆ. ನಿಮ್ಮ ಅರ್ಧ ತೂತಿನ ತಳ ಈಗ ಅಂಥ ಗಟ್ಟಿ ಪದರ, ಅದಕ್ಕೇ ಹೊಸ ಬಿಟ್ ಕೂಡ ಜಾರುತ್ತಿದೆ. ಸಾಧ್ಯವಾದರೆ ಪಟ್ಟಿಯ ಆಚೆ ಬದಿಯಿಂದ ಅದೇ ಗುರುತಿಗೆ ಶುರು ಮಾಡಿ. ಆಗದಿದ್ದರೆ ಕೋಬಾಲ್ಟ್ ಬೆರೆಸಿದ ಸ್ಟೀಲ್‌ನ ಬಿಟ್ ಬೇಕು, ತುದಿಯ ಕೋನ 135 ಡಿಗ್ರಿ ಇರುವಂಥದ್ದು. ಸಾಮಾನ್ಯ ಬಿಟ್‌ನ ಕೋನ 118 ಡಿಗ್ರಿ.

ಸ್ಪೀಡ್ ಲೆಕ್ಕ ಹೀಗೆ. 6 ಮಿಲಿಮೀಟರ್ ಬಿಟ್‌ಗೆ ಮಾಮೂಲಿ ಮೈಲ್ಡ್ ಸ್ಟೀಲ್‌ನಲ್ಲಿ ನಿಮಿಷಕ್ಕೆ 1300ರಿಂದ 1500 ಸುತ್ತು ಸರಿ, ಸ್ಟೇನ್‌ಲೆಸ್‌ನಲ್ಲಿ 500ರಿಂದ 600 ಸಾಕು. ಬಿಟ್ ದಪ್ಪ ಎರಡರಷ್ಟಾದರೆ ಸುತ್ತು ಅರ್ಧಕ್ಕೆ ಇಳಿಯಬೇಕು. ಪಂಚ್ ಇಟ್ಟು ಗುರುತು ಹೊಡೆದುಕೊಳ್ಳಿ, ಕಟಿಂಗ್ ಆಯಿಲ್ ಹಾಕಿ, ನಿಧಾನಕ್ಕೆ ತಿರುಗಿಸುತ್ತಾ ಗಟ್ಟಿಯಾಗಿ ಒಂದೇ ಸಮ ಒತ್ತಿ. ಬಿಟ್‌ನಿಂದ ಏನು ಹೊರಬರುತ್ತಿದೆ ಅಂತ ನೋಡುತ್ತಿರಿ. ಸುರುಳಿ ಸುರುಳಿಯಾಗಿ ಬಂದರೆ ಕತ್ತರಿಸುತ್ತಿದೆ, ಪುಡಿ ಬಂದರೆ ಬರೀ ಉಜ್ಜುತ್ತಿದೆ, ತಕ್ಷಣ ನಿಲ್ಲಿಸಿ. ಪಟ್ಟಿಯನ್ನು ಕ್ಲ್ಯಾಂಪ್ ಹಾಕಿ ಬಿಗಿಯಿರಿ, ಕೈಯಲ್ಲಿ ಹಿಡಿಯಬೇಡಿ. ಬಿಟ್ ಆಚೆ ಬದಿಗೆ ತೂರುವ ಕ್ಷಣದಲ್ಲೇ ಪಟ್ಟಿ ಗಿರ್ರನೆ ತಿರುಗಿ ಕೈ ಕುಯ್ಯುವುದು. ಸಡಿಲ ಕೈಗವಸೂ ಬೇಡ, ಬಿಟ್‌ಗೆ ಸುತ್ತಿಕೊಳ್ಳುತ್ತದೆ.

ಪ್ರಶ್ನೆ: ಡ್ರಿಲ್‌ನ ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಹಾಕಬೇಕು ಅಂತಾರೆ, ನಿಜವಾ?

ಉತ್ತರ: ಇಲ್ಲ. ಅದು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು. ಲಿಥಿಯಂ ಬ್ಯಾಟರಿಗೆ ಪೂರ್ತಿ ಖಾಲಿ ಆಗುವುದೇ ಕೆಟ್ಟದ್ದು. ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧದಷ್ಟು ಚಾರ್ಜ್ ಇಟ್ಟು, ಬಿಸಿಲು ತಾಗದ ತಂಪು ಜಾಗದಲ್ಲಿಡಿ. ಕೆಲಸ ಮುಗಿದಾಗ ಬ್ಯಾಟರಿ ಬಿಸಿ ಇದ್ದರೆ ತಣ್ಣಗಾದ ಮೇಲೆ ಚಾರ್ಜ್‌ಗೆ ಹಾಕಿ. ಉಬ್ಬಿದ್ದರೆ ಮತ್ತೆ ಬಳಸಲೇಬೇಡಿ.

ಪ್ರಶ್ನೆ: ಮಗಳು ತುಂಬಾ ಹೊತ್ತು ಓದುತ್ತಾಳೆ. ಪಾಠವನ್ನು ಮತ್ತೆ ಮತ್ತೆ ಓದಿ, ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು, ಎಲ್ಲಾ ಬಂತಮ್ಮ ಅಂತಾಳೆ. ಪರೀಕ್ಷೆಯಲ್ಲಿ ಕೂತರೆ ಏನೂ ನೆನಪಿಗೆ ಬರುವುದಿಲ್ಲ, ಅತ್ತುಬಿಡುತ್ತಾಳೆ. ಇನ್ನೂ ಜಾಸ್ತಿ ಹೊತ್ತು ಕೂರಿಸಬೇಕಾ?

ಉತ್ತರ: ದಯವಿಟ್ಟು ಬೇಡಮ್ಮ. ನಿಮ್ಮ ಮಗಳು ಸೋಮಾರಿಯಲ್ಲ, ದಡ್ಡಿಯೂ ಅಲ್ಲ. ಅವಳು ಓದುವ ರೀತಿಯೇ ಅವಳಿಗೆ ಮೋಸ ಮಾಡುತ್ತಿದೆ. ಒಂದೇ ಪುಟವನ್ನು ಮೂರನೇ ಸಲ ಓದುವಾಗ ಎಲ್ಲವೂ ಪರಿಚಿತ ಅನಿಸುತ್ತದೆ, ಆ ಪರಿಚಯವನ್ನೇ ಮನಸ್ಸು "ಬಂತು" ಅಂದುಕೊಳ್ಳುತ್ತದೆ. ಆದರೆ ಪರೀಕ್ಷೆಯಲ್ಲಿ ಪುಟ ಎದುರಿಗೆ ಇರುವುದಿಲ್ಲ, ಅಲ್ವಾ? ಅಲ್ಲಿ ಬೇಕಾಗುವುದು ಒಳಗಿನಿಂದ ಎತ್ತಿ ಹೊರಗೆ ತರುವ ಅಭ್ಯಾಸ. ಅದನ್ನು ಮನೆಯಲ್ಲಿ ಅವಳು ಮಾಡುತ್ತಲೇ ಇಲ್ಲ.

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಬರಹ ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು, ಕೆಲವರು ಅದನ್ನು ಪಕ್ಕಕ್ಕಿಟ್ಟು ನೆನಪಾದದ್ದನ್ನು ಬರೆದರು. 5 ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಪೂರ್ತಿ ತಿರುವುಮುರುವು, ನೆನಪಿನಿಂದ ಬರೆದವರು ಮುಂದೆ. ನಿಮ್ಮ ಮಗಳಿಗೆ ರಾತ್ರಿ ಎಲ್ಲಾ ಬಂದಂತೆ ಅನಿಸಿ, ಪರೀಕ್ಷೆಯ ದಿನ ಕೈಕೊಡುವುದು ಇದೇ ಕಾರಣಕ್ಕೆ.

ನಾಳೆಯಿಂದ ಹೀಗೆ ಮಾಡಿಸಿ. ಒಂದು ಭಾಗ ಒಮ್ಮೆ ಗಮನವಿಟ್ಟು ಓದಲಿ. ಪುಸ್ತಕ ಮುಚ್ಚಲಿ. ಖಾಲಿ ಹಾಳೆಯಲ್ಲಿ ನೆನಪಾದದ್ದನ್ನೆಲ್ಲ ಬರೆಯಲಿ, ಚಿತ್ರ ಇದ್ದರೆ ಚಿತ್ರ, ಸೂತ್ರ ಇದ್ದರೆ ಸೂತ್ರ. ಆಮೇಲೆ ಪುಸ್ತಕ ತೆಗೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಲಿ. ಬಣ್ಣದ ಪೆನ್ನು ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ! ಮೊದಮೊದಲು ಹಾಳೆ ಅರ್ಧವೂ ತುಂಬುವುದಿಲ್ಲ, ಅವಳಿಗೆ ಬೇಜಾರಾಗುತ್ತದೆ. ಆಗ ಪಕ್ಕದಲ್ಲಿ ಕೂತು, ಹಾಳೆಯಲ್ಲಿ ಖಾಲಿ ಉಳಿದ ಜಾಗವೇ ನಾಳೆ ಓದಬೇಕಾದ ಜಾಗ ಅಂತ ಹೇಳಿ. ಬೈಯಬೇಡಿ.

ಇನ್ನು ಬಿಟ್ಟು ಬಿಟ್ಟು ಓದುವುದು. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಸಂಶೋಧಕರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದರು. ಮೊದಲ ಕೆಲವು ಗಂಟೆಗಳಲ್ಲೇ ಬಹಳಷ್ಟು ಹೋಗುತ್ತದೆ, ಆಮೇಲೆ ಮರೆಯುವ ವೇಗ ಕಡಿಮೆಯಾಗುತ್ತದೆ. ಹಾಗಾಗಿ ಇವತ್ತು ಓದಿದ್ದನ್ನು ನಾಳೆ ಒಮ್ಮೆ, ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ಹತ್ತು ದಿನ ಬಿಟ್ಟು ಮತ್ತೊಮ್ಮೆ ನೆನಪಿನಿಂದ ಎತ್ತಿದರೆ ಸಾಕು. ಪ್ರಶ್ನೆ ಒಂದು ಬದಿ, ಉತ್ತರ ಇನ್ನೊಂದು ಬದಿ ಬರೆದ ಚೀಟಿಗಳನ್ನು ಡಬ್ಬಗಳಲ್ಲಿ ಇಡುವ ಉಪಾಯವೂ ಇದೆ, 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಲೇಖಕರು ಜನಪ್ರಿಯ ಮಾಡಿದ್ದು. ಸರಿ ಹೇಳಿದ ಚೀಟಿ ಮುಂದಿನ ಡಬ್ಬಕ್ಕೆ ಹೋಗುತ್ತದೆ, ಅದನ್ನು ತಡವಾಗಿ ನೋಡಿದರೆ ಆಯಿತು. ತಪ್ಪಿದ ಚೀಟಿ ಮೊದಲ ಡಬ್ಬಕ್ಕೆ ವಾಪಸ್ಸು, ಅದನ್ನು ದಿನಾ ನೋಡಬೇಕು. ಒಟ್ಟು ಓದುವ ಹೊತ್ತು ಇದರಿಂದ ಕಡಿಮೆಯೇ ಆಗುತ್ತದೆ. ಉಳಿದ ಹೊತ್ತು ಅವಳು ಚೆನ್ನಾಗಿ ನಿದ್ದೆ ಮಾಡಲಿ, ಓದಿದ್ದು ಗಟ್ಟಿಯಾಗಿ ನಿಲ್ಲಲು ನಿದ್ದೆಯೂ ಬೇಕು.

ಪ್ರಶ್ನೆ: ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿಯಲು ಸೇರಿದ್ದೇನೆ. ಮೇಸ್ತ್ರಿ ಏನೂ ಹೇಳಿಕೊಡುವುದಿಲ್ಲ. ಗುಡಿಸು, ಸಾಮಾನು ಎತ್ತಿಕೊಡು, ಅಷ್ಟೇ. ಕೇಳಿದರೆ "ನೋಡ್ತಾ ಇರು, ಬರುತ್ತೆ" ಅಂತಾರೆ. ಬಿಟ್ಟುಬಿಡಲಾ?

ಉತ್ತರ: ತಕ್ಷಣ ಬಿಡಬೇಡಿ, ಹಾಗಂತ ಸುಮ್ನೆ ಕಾಯಲೂ ಬೇಡಿ. ಸಾಮಾನು ಎತ್ತಿಕೊಡುವುದರಲ್ಲೂ ಕಲಿಯುವುದಿದೆ. ಅವರು ಕೇಳುವ ಮುಂಚೆಯೇ ಮುಂದೆ ಯಾವ ಸ್ಪ್ಯಾನರ್ ಬೇಕಾಗುತ್ತದೆ ಅಂತ ಊಹಿಸಿ ಕೈಯಲ್ಲಿ ಹಿಡಿದು ನಿಲ್ಲಿ. ಊಹೆ ಸರಿಯಾಗತೊಡಗಿತು ಅಂದರೆ ಕೆಲಸದ ಕ್ರಮ ನಿಮ್ಮ ತಲೆಗೆ ಇಳಿಯುತ್ತಿದೆ. ತಪ್ಪಿದರೆ ಯಾಕೆ ತಪ್ಪಿತು ಅನ್ನುವುದೇ ಆ ದಿನದ ಪಾಠ. ಜೇಬಿನಲ್ಲಿ ಸಣ್ಣ ಪುಸ್ತಕ ಇರಲಿ, ಅಳತೆ, ಕ್ರಮ, ಒಂದು ಒರಟು ಚಿತ್ರ ಬರೆದುಕೊಳ್ಳಿ.

ಕೇಳುವ ರೀತಿಯನ್ನೂ ಬದಲಿಸಿ. "ಕಲಿಸಿಕೊಡಿ ಸಾರ್" ಅಂದರೆ ಎಲ್ಲಿಂದ ಶುರು ಮಾಡಬೇಕು ಅಂತ ಎಷ್ಟೋ ಮೇಸ್ತ್ರಿಗಳಿಗೇ ಗೊತ್ತಾಗುವುದಿಲ್ಲ, ಅವರ ವಿದ್ಯೆ ಕೈಯಲ್ಲಿರುತ್ತದೆ, ಬಾಯಿಗೆ ಬರುವುದಿಲ್ಲ. "ಮೊದಲು ಈ ಬೋಲ್ಟ್ ಯಾಕೆ ಸಡಿಲ ಮಾಡಿದಿರಿ, ಆಚೆಯದು ಯಾಕಲ್ಲ?" ಅಂತ ಕೇಳಿ ನೋಡಿ. ಕೆಲಸದ ನಡುವೆ ಬೇಡ, ಸಾಮಾನು ಎತ್ತಿಡುವ ಹೊತ್ತಿನಲ್ಲಿ ಕೇಳಿ. ಬಿಸಾಡುವ ತುಂಡುಗಳನ್ನು ಕೇಳಿ ಪಡೆದು ಅದರ ಮೇಲೆ ಅಭ್ಯಾಸ ಮಾಡಿ, ಮಾಡಿದ್ದನ್ನು ಅವರಿಗೆ ತೋರಿಸಿ. ತಪ್ಪು ಕಂಡರೆ ಮಾತಾಡದ ಮೇಸ್ತ್ರಿಯೂ ಮಾತಾಡುತ್ತಾರೆ.

ಇಷ್ಟು ಮಾಡಿ ಕೆಲವು ತಿಂಗಳಾದ ಮೇಲೂ ಒಂದು ಸಣ್ಣ ಕೆಲಸವನ್ನೂ ನಿಮ್ಮ ಕೈಗೆ ಬಿಡದಿದ್ದರೆ, ಯಾವ ಕೆಲಸ, ಯಾವಾಗ ಕೊಡುತ್ತೀರಿ ಅಂತ ನೇರವಾಗಿ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಬೇರೆ ಕಡೆ ನೋಡಿಕೊಳ್ಳಿ, ಅದರಲ್ಲಿ ಅಗೌರವ ಏನೂ ಇಲ್ಲ. ಒಂದನ್ನು ಮಾತ್ರ ಮರೆಯಬೇಡಿ: ಹೇಳಿಕೊಡದೆ ತಿರುಗುವ ಮೆಷಿನ್ ಮುಂದೆ ನಿಲ್ಲಿಸಿದರೆ, ಗೊತ್ತಿಲ್ಲ, ಮಾಡಲ್ಲ ಅಂತ ಹೇಳಿ. ಹೊಸಬರಿಗೆ ಆ ಹಕ್ಕಿದೆ.

ಓದುಗರ ಸಲಹೆ: ಸ್ಕ್ರೂ ತಲೆಯ ಪ್ಲಸ್ ಗುರುತು ಪದೇ ಪದೇ ಸವೆದುಹೋಗುತ್ತದೆ ಅಂತ ಹಿಂದೊಮ್ಮೆ ಒಬ್ಬರು ಬರೆದಿದ್ದರು. ಅದಕ್ಕೆ ಇನ್ನೊಬ್ಬ ಓದುಗರು ಒಳ್ಳೆಯ ಉತ್ತರ ಕಳಿಸಿದ್ದಾರೆ. ಪ್ಲಸ್ ತಲೆಯ ಸ್ಕ್ರೂಗಳೆಲ್ಲ ಒಂದೇ ಅಲ್ಲ. ಪ್ಲಸ್ ಗುರುತಿನ ನಡುವೆ ಓರೆಯಾಗಿ ನಾಲ್ಕು ಸಣ್ಣ ಗೆರೆ ಇದ್ದರೆ ಅದು ಪೊಜಿಡ್ರೈವ್, ಅದಕ್ಕೆ ಪಿಜೆಡ್ ಬಿಟ್ ಬೇಕು. ಗೆರೆ ಇಲ್ಲದ್ದು ಸಾಮಾನ್ಯವಾಗಿ ಫಿಲಿಪ್ಸ್, ಅದಕ್ಕೆ ಪಿಎಚ್ ಬಿಟ್. ಅದಲುಬದಲು ಮಾಡಿದರೆ ಕೂತಂತೆ ಕಾಣುತ್ತದೆ, ಜೋರು ಕೊಟ್ಟಾಗ ಜಾರಿ ತಲೆಯ ಗುರುತನ್ನು ಸವೆಸುತ್ತದೆ. ಈಗಾಗಲೇ ಸವೆದುಹೋಗಿದ್ದರೆ ಅಗಲವಾದ ರಬ್ಬರ್ ಬ್ಯಾಂಡನ್ನು ಬಿಟ್‌ಗೂ ಸ್ಕ್ರೂಗೂ ಮಧ್ಯೆ ಇಟ್ಟು, ಒತ್ತಿ ಹಿಡಿದು, ನಿಧಾನಕ್ಕೆ ತಿರುಗಿಸಿ ನೋಡಿ ಅಂದಿದ್ದಾರೆ. ತುಕ್ಕು ಹಿಡಿಯದ ಸ್ಕ್ರೂಗೆ ಇದು ಎಷ್ಟೋ ಸಲ ಸಾಕಾಗುತ್ತದೆ.

ಪ್ರಶ್ನೆ: ಮಗನಿಗೆ ಕೈಕೆಲಸ ಅಂದರೆ ಪ್ರಾಣ, ಲೆಕ್ಕ ಅಂದರೆ ಆಗುವುದಿಲ್ಲ. "ಬಡಗಿಗೆ ಪೈಥಾಗರಸ್ ಯಾಕೆ?" ಅಂತಾನೆ.

ಉತ್ತರ: ಅವನ ಕೈಗೆ ಟೇಪ್ ಕೊಟ್ಟು, ಒಂದು ದೊಡ್ಡ ಚೌಕಟ್ಟಿನ ಮೂಲೆ ಸರಿಯಾಗಿ 90 ಡಿಗ್ರಿ ಇದೆಯಾ ಅಂತ ನೋಡಲು ಹೇಳಿ. ಸಣ್ಣ ಮೂಲೆಮಟ್ಟ ಇಟ್ಟರೆ ದೊಡ್ಡ ಚೌಕಟ್ಟಿನಲ್ಲಿ ಸಣ್ಣ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಮೂಲೆಯಿಂದ ಒಂದು ಬದಿಗೆ 90 ಸೆಂಟಿಮೀಟರ್, ಇನ್ನೊಂದು ಬದಿಗೆ 120 ಗುರುತು ಹಾಕಲಿ. ಎರಡು ಗುರುತುಗಳ ನಡುವೆ ಸರಿಯಾಗಿ 150 ಬಂದರೆ ಮೂಲೆ ನೇರ. ಜಾಸ್ತಿ ಬಂದರೆ ಮೂಲೆ ತೆರೆದುಕೊಂಡಿದೆ, ಕಡಿಮೆ ಬಂದರೆ ಒಳಗೆ ಮುಚ್ಚಿಕೊಂಡಿದೆ. ಇದು ಪೈಥಾಗರಸ್‌ನ 3, 4, 5ರ ಲೆಕ್ಕ, ಮೂವತ್ತರಿಂದ ಗುಣಿಸಿದ್ದು ಅಷ್ಟೇ. ಅವನು ಯಾಕಂತೆ ಅಂತ ಖಂಡಿತ ಕೇಳುತ್ತಾನೆ. ಪುಸ್ತಕದ ಆ ಪುಟವನ್ನು ಆಗ ತೆಗೆಯಿರಿ, ಅದಕ್ಕಿಂತ ಮುಂಚೆ ಬೇಡ. ಆಮೇಲೆ ಚೌಕಟ್ಟಿನ ಎರಡೂ ಕರ್ಣ ಅಳೆಯಲು ಹೇಳಿ. ಎದುರುಬದುರು ಬದಿಗಳು ಸಮ ಇದ್ದು ಕರ್ಣಗಳೂ ಸಮ ಬಂದರೆ ನಾಲ್ಕೂ ಮೂಲೆ ಸರಿ ಇವೆ, ಬರದಿದ್ದರೆ ಯಾವ ಕಡೆಗೆ ಎಷ್ಟು ತಳ್ಳಬೇಕು ಅಂತ ಅವನೇ ಕಂಡುಹಿಡಿಯಲಿ.