ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ನನ್ನ ಫಂಕ್ಷನ್‌ಗೆ ಏಳು ಆರ್ಗ್ಯುಮೆಂಟ್ (ಒಳಗೆ ಕೊಡುವ ವ್ಯಾಲ್ಯೂ) ಇವೆ, ಐದು ಯಾವಾಗಲೂ ಅವೇ. ಪ್ರತಿ ಸಲ ಎಲ್ಲಾ ಕೊಡಲೇಬೇಕಾ?

ಬೇಕಿಲ್ಲ. ಆ ಐದಕ್ಕೂ ಡಿಫಾಲ್ಟ್, ಅಂದರೆ ಏನೂ ಕೊಡದಿದ್ದಾಗ ತಾನಾಗಿ ಬರುವ ವ್ಯಾಲ್ಯೂ, ಕೊಟ್ಟುಬಿಡಿ. 2009ರಲ್ಲಿ ಬಂದ 8.4 ಆವೃತ್ತಿಯಿಂದಲೇ ಈ ಸೌಲಭ್ಯ ಇದೆ.

ನಾನು ಕಲಬುರಗಿ ಗಂಜ್‌ನ ಅಡತ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ತೊಗರಿ ಬಿಲ್‌ನಲ್ಲಿ ತೂಕ, ದರ ಪ್ರತಿ ರೈತರಿಗೂ ಬೇರೆ. ಹಮಾಲಿ, ಚೀಲದ ಖರ್ಚು ದಿನಾ ಬದಲಾಗಲ್ಲ. ಹಾಗಾಗಿ ತೂಕ, ದರ ಮೊದಲು, ಡಿಫಾಲ್ಟ್ ಇರುವವು ಕೊನೆಗೆ. ಒಂದಕ್ಕೆ ಡಿಫಾಲ್ಟ್ ಕೊಟ್ಟರೆ ಅದರ ಮುಂದಿನ ಎಲ್ಲಾ ಇನ್‌ಪುಟ್‌ಗೂ ಕೊಡಲೇಬೇಕು.

ತೊಗರಿ_ಬಿಲ್(12, 7000)
ತೊಗರಿ_ಬಿಲ್(12, 7000, ಚೀಲ => 5)

ಎರಡನೇ ಸಾಲಿನಲ್ಲಿ ಹಮಾಲಿಯನ್ನು ದಾಟಿ ನೇರ ಚೀಲಕ್ಕೆ ಹೋಗಿದ್ದೇವೆ. ಹೆಸರಿಲ್ಲದೆ ಇದು ಆಗಲ್ಲ. ಅದಲ್ಲದೆ (12, 7000, 20, 5) ಅಂತ ಬರೆದರೆ ಆರು ತಿಂಗಳಾದ ಮೇಲೆ ಯಾವುದು ಹಮಾಲಿ, ಯಾವುದು ಚೀಲ ಅಂತ ಯಾರಿಗೆ ನೆನಪಿರುತ್ತೆ? ಹೆಸರಿಲ್ಲದವು ಮೊದಲು, ಹೆಸರಿರುವವು ಆಮೇಲೆ, ಅಷ್ಟು ನೋಡಿಕೊಳ್ಳಿ. ಈ ಬಾಣದ ಗುರುತು 9.5ರಿಂದ ನಡೆಯುತ್ತದೆ. ಅದಕ್ಕಿಂತ ಹಳೆಯ ಸರ್ವರ್ ಆದರೆ := ಬಳಸಿ.

ಇನ್ನು ಎಲ್ಲರನ್ನೂ ಕಾಡುವ ವಿಷಯ. ಸ್ಕ್ರೀನ್‌ನಲ್ಲಿ ಹಮಾಲಿ ಬಾಕ್ಸ್ ಖಾಲಿ ಬಿಟ್ಟರೆ ಅಪ್ಲಿಕೇಶನ್ ಸಾಮಾನ್ಯವಾಗಿ ನಲ್ (NULL, 'ವ್ಯಾಲ್ಯೂ ಇಲ್ಲ' ಅನ್ನುವ ಗುರುತು) ಕಳಿಸುತ್ತದೆ. ಆಗ ಡಿಫಾಲ್ಟ್ ಬರುತ್ತೆ ಅಂದುಕೊಳ್ಳಬೇಡಿ. ನಲ್ ಕಳಿಸಿದರೂ ನೀವು ಆರ್ಗ್ಯುಮೆಂಟ್ ಕೊಟ್ಟ ಹಾಗೇ. ಮೊತ್ತದಿಂದ ನಲ್ ಕಳೆದರೆ ಉಳಿಯುವುದೂ ನಲ್, ಅಂದರೆ ರೈತರ ಕೈಗೆ ಮೊತ್ತವೇ ಇಲ್ಲದ ಬಿಲ್. ಆ ಆರ್ಗ್ಯುಮೆಂಟ್ ಕಳಿಸಲೇಬೇಡಿ, ಇಲ್ಲಾ ಫಂಕ್ಷನ್ ಒಳಗೆ ನಲ್ ಬದಲು ಬೇರೆ ವ್ಯಾಲ್ಯೂ ಕೊಡುವ ಕೊಅಲೆಸ್ (COALESCE) ಹಾಕಿ. ನಾನಂತೂ ಎರಡನ್ನೂ ಮಾಡುತ್ತೇನೆ.

ನಾಳೆ ಇನ್ನೊಂದು ಆರ್ಗ್ಯುಮೆಂಟ್ ಸೇರಿಸುವಾಗಲೂ ಹುಷಾರು. 'ಕ್ರಿಯೇಟ್ ಆರ್ ರಿಪ್ಲೇಸ್' (ಹೊಸದು ಮಾಡು, ಇದ್ದರೆ ಬದಲಿಸು) ಅಂದರೂ ಹಳೆಯದು ಹೋಗಲ್ಲ, ಅದೇ ಹೆಸರಿನ ಎರಡನೇ ಫಂಕ್ಷನ್ ಹುಟ್ಟುತ್ತದೆ. ಆಮೇಲೆ ತೊಗರಿ_ಬಿಲ್(12, 7000) ಅಂದರೆ ಎರಡೂ ಹೊಂದುತ್ತವೆ, ಪೋಸ್ಟ್‌ಗ್ರೆಸ್ 'ನಾಟ್ ಯುನೀಕ್' ಅಂತ ಕೈಚೆಲ್ಲುತ್ತದೆ. ಹಳೆಯದನ್ನು ಡ್ರಾಪ್ ಮಾಡಿ (ಅಳಿಸಿ) ಹೊಸದನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಎಲ್ಲವೂ ಒಟ್ಟಿಗೇ ಆಗುವ ಹಾಗೆ) ಮಾಡಿಬಿಡಿ, ಆಗ ನಡುವೆ ಬಿಲ್ ನಿಲ್ಲಲ್ಲ. ಆರ್ಗ್ಯುಮೆಂಟ್ ಹೆಸರು ಬದಲಿಸಬೇಕಾದರೂ ಡ್ರಾಪ್ ಮಾಡಲೇಬೇಕು. ಡ್ರಾಪ್ ಜೊತೆ ಆ ಫಂಕ್ಷನ್‌ಗೆ ಕೊಟ್ಟಿದ್ದ ಗ್ರಾಂಟ್‌ಗಳೂ (ಯಾರು ಬಳಸಬಹುದು ಅನ್ನುವ ಅನುಮತಿಗಳು) ಹೋಗುತ್ತವೆ, ಅವನ್ನು ಅದೇ ಸ್ಕ್ರಿಪ್ಟ್‌ನಲ್ಲಿ ಮತ್ತೆ ಕೊಡಿ.