ಎಲ್ಲರನ್ನೂ ಕೇಳಿ, ಆದರೆ ಬಣ್ಣದ ಬಗ್ಗೆ ಬೇಡ

ಓದುಗರ ಪತ್ರ: ನಮ್ಮ ವಿಶ್ವವಿದ್ಯಾಲಯದ ವೆಬ್‌ಸೈಟನ್ನು ಹೊಸದಾಗಿ ಮಾಡಲು ಒಂದು ಸಮಿತಿ ಆಗಿದೆ. ನಾನೂ ಅದರಲ್ಲಿದ್ದೇನೆ. ಪಾಠ ಮಾಡುವವಳು, ಕಂಪ್ಯೂಟರ್ ವಿಷಯದವಳಲ್ಲ. ‘ಎಲ್ಲರ ಅಭಿಪ್ರಾಯ ತಗೊಂಡು ಮಾಡಿ’ ಅಂತ ಮೇಲಿನಿಂದ ಸೂಚನೆ. ಗೂಗಲ್ ಫಾರ್ಮ್ ಕಳಿಸಿದೆವು. ಉತ್ತರ ರಾಶಿ ಬಿದ್ದಿದೆ, ಒಂದಕ್ಕೊಂದು ತಾಳೆಯೇ ಇಲ್ಲ. ಒಬ್ಬರಿಗೆ ನೀಲಿ ಬೇಕು, ಇನ್ನೊಬ್ಬರಿಗೆ ಬೇಡ. ಪ್ರತಿ ವಿಭಾಗಕ್ಕೂ ಮುಖಪುಟದಲ್ಲೇ ಜಾಗ ಬೇಕು. ವಿದ್ಯಾರ್ಥಿಗಳಂತೂ ‘ರಿಸಲ್ಟ್ ಬೇಗ ಓಪನ್ ಆಗಲಿ’ ಅಂತ ಮಾತ್ರ ಬರೆದಿದ್ದಾರೆ. ಈಗ ಏಜೆನ್ಸಿಯವರು ಮೂರು ಡಿಸೈನ್ ತೋರಿಸಿ ವೋಟ್ ಹಾಕಿಸೋಣ ಅನ್ನುತ್ತಿದ್ದಾರೆ. ಜನರನ್ನು ಕೇಳುವುದರಿಂದ ನಿಜಕ್ಕೂ ಉಪಯೋಗ ಇದೆಯಾ, ಅಥವಾ ಇದೆಲ್ಲ ಬರೀ ಕಣ್ಣೊರೆಸುವ ಕೆಲಸವಾ?
– ಸಮಿತಿಯ ಒಬ್ಬ ಸದಸ್ಯೆ

ಸಂಪಾದಕರ ಉತ್ತರ:

ನಮಸ್ಕಾರ ಮೇಡಂ,

ಉಪಯೋಗ ಖಂಡಿತ ಇದೆ. ಆದರೆ ‘ಹೊಸ ವೆಬ್‌ಸೈಟ್ ಹೇಗಿರಬೇಕು?’ ಅಂತ ಕೇಳಿದರೆ ನಿಮಗೆ ಬಂದಂಥ ಉತ್ತರಗಳೇ ಬರುವುದು. ಅದರ ಬಗ್ಗೆ ಯಾರೂ ಯೋಚನೆ ಮಾಡುತ್ತಾ ಕೂತಿರುವುದಿಲ್ಲ. ಫಾರ್ಮ್ ಬಂತು, ಏನಾದರೂ ಬರೆಯಬೇಕು. ಮೊದಲು ತೋಚುವುದು ಬಣ್ಣ, ಫೋಟೊ, ತಮ್ಮ ವಿಭಾಗದ ಹೆಸರು. ಅದನ್ನೇ ಬರೆದು ಕಳಿಸುತ್ತಾರೆ. ವಿದ್ಯಾರ್ಥಿಗಳು ಹಾಗೆ ಮಾಡಿಲ್ಲ ನೋಡಿ. ಅವರ ಉತ್ತರದ ಬಗ್ಗೆ ನೀವು ಸ್ವಲ್ಪ ಬೇಸರದಲ್ಲೇ ಬರೆದಂತಿದೆ. ನನಗಂತೂ ಆ ರಾಶಿಯಲ್ಲಿ ಎತ್ತಿಡಬೇಕಾದ ಉತ್ತರ ಅದೇ ಅನ್ನಿಸಿತು. ಏನು ಇಷ್ಟ ಅಂತ ಅವರು ಹೇಳಿಲ್ಲ. ಯಾವ ಕೆಲಸಕ್ಕೆ ಬರುತ್ತೇವೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ ಅಂತ ಹೇಳಿದ್ದಾರೆ.

ನೀವು ಕೇಳಬೇಕಾದ್ದೂ ಅದನ್ನೇ. ಕೊನೆಯ ಸಲ ನಮ್ಮ ಸೈಟಿಗೆ ಯಾಕೆ ಬಂದಿದ್ದಿರಿ? ಬೇಕಾದ್ದು ಸಿಕ್ಕಿತಾ? ಸಿಗದಿದ್ದಾಗ ಏನು ಮಾಡಿದಿರಿ? ಮೂರು ಪ್ರಶ್ನೆ ಸಾಕು. ಮೂರನೆಯದಕ್ಕೆ ಬರುವ ಉತ್ತರಗಳನ್ನು ಸಮಿತಿ ಸಭೆಯಲ್ಲಿ ಗಟ್ಟಿಯಾಗಿ ಓದಿ. ‘ಗ್ರೂಪಲ್ಲಿ ಸೀನಿಯರ್ಸ್‌ನ ಕೇಳಿದೆ’, ‘ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ’, ‘ಕೆಲಸಕ್ಕೆ ರಜೆ ಹಾಕಿ ಬಂದು ನೋಟಿಸ್ ಬೋರ್ಡ್ ನೋಡಿದೆ’ ಅಂತೆಲ್ಲ ಇರುತ್ತದೆ. ಆಮೇಲೆ ನೀಲಿಯ ಚರ್ಚೆ ತನ್ನಷ್ಟಕ್ಕೆ ತಣ್ಣಗಾಗುತ್ತದೆ.

ಇನ್ನು, ಕೇಳಿದ್ದು ಯಾರನ್ನು? ಫಾರ್ಮ್ ಹೋಗಿರುವುದು ನಿಮ್ಮ ಇಮೇಲ್ ಪಟ್ಟಿಯಲ್ಲಿ ಇರುವವರಿಗೆ ತಾನೇ? ಸೇರಬೇಕು ಅಂತ ನೋಡುತ್ತಿರುವ ಹುಡುಗ ಹುಡುಗಿಯರು ಅದರಲ್ಲಿಲ್ಲ. ಅವರ ಅಪ್ಪ ಅಮ್ಮನೂ ಇಲ್ಲ. ಅವರ ಮಟ್ಟಿಗೆ ನಿಮ್ಮ ವಿಶ್ವವಿದ್ಯಾಲಯ ಅಂದರೆ ಸದ್ಯಕ್ಕೆ ಆ ವೆಬ್‌ಸೈಟೇ. ಒಳಗಿನವರು ಹೇಗೋ ದಾರಿ ಕಂಡುಕೊಂಡು ಬುಕ್‌ಮಾರ್ಕ್ ಮಾಡಿಟ್ಟುಕೊಂಡಿರುತ್ತಾರೆ. ಹೊರಗಿನವರು ಎಡವಿದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಅವರು ಸುಮ್ನೆ ಪುಟ ಮುಚ್ಚಿ ಬೇರೆ ಕಡೆ ಹೋಗಿರುತ್ತಾರೆ. ಈ ವರ್ಷ ಹೊಸದಾಗಿ ಸೇರಿದವರನ್ನು ಹಿಡಿಯಿರಿ. ಅವರಿಗೆ ಆ ಪರದಾಟ ಇನ್ನೂ ನೆನಪಿರುತ್ತದೆ.

ಯಾವ ಸಮಿತಿಯ ಪಟ್ಟಿಯಲ್ಲೂ ಇಲ್ಲದ ಇನ್ನೊಬ್ಬರಿದ್ದಾರೆ: ಕಚೇರಿಯಲ್ಲಿ ಫೋನ್ ಎತ್ತುವವರು. ಪರೀಕ್ಷಾ ವಿಭಾಗದ ಕೌಂಟರಿನಲ್ಲಿ ಕೂತವರನ್ನು ಮಾತಾಡಿಸಿ ನೋಡಿ. ಬೆಳಗ್ಗೆಯಿಂದ ಸಂಜೆವರೆಗೆ ಅವೇ ಏಳೆಂಟು ಪ್ರಶ್ನೆ. ಮಾರ್ಕ್ಸ್ ಕಾರ್ಡ್ ಯಾವಾಗ ಬರುತ್ತೆ, ಫೀಸ್ ಕಟ್ಟಿದ್ದೇನೆ ರಸೀದಿ ಬಂದಿಲ್ಲ, ಹೆಸರು ತಪ್ಪಾಗಿದೆ ಯಾರಿಗೆ ಅರ್ಜಿ ಕೊಡಬೇಕು. ಆ ಫೋನಿನ ಪಕ್ಕ ಒಂದು ನೋಟ್‌ಬುಕ್ ಇಡಿ. ಒಂದು ಪ್ರಶ್ನೆ ಬಂದರೆ ಅದರ ಮುಂದೆ ಒಂದು ಗೀಟು. ಎರಡು ವಾರ ಆದ ಮೇಲೆ ಯಾವ ಸಾಲುಗಳಿಗೆ ಜಾಸ್ತಿ ಗೀಟು ಬಿದ್ದಿದೆಯೋ ಅವೇ ನಿಮ್ಮ ಮುಖಪುಟ. ಸೈಟಿನ ಸರ್ಚ್ ಪೆಟ್ಟಿಗೆಯಲ್ಲಿ ಜನ ಏನೇನು ಟೈಪ್ ಮಾಡುತ್ತಾರೆ ಎಂಬ ದಾಖಲೆಯನ್ನೂ ತರಿಸಿಕೊಳ್ಳಿ. ತಾವಾಗಿ ಅದನ್ನು ಯಾರೂ ತಂದುಕೊಡುವುದಿಲ್ಲ.

ಪ್ರತಿ ವಿಭಾಗಕ್ಕೂ ಮುಖಪುಟ ಬೇಕಂತೆ. ಬೇಕೇ ಬೇಕು ಬಿಡಿ, ಅದು ಪ್ರತಿಷ್ಠೆಯ ಜಾಗ. ಮೆಲ್ವಿನ್ ಕಾನ್ವೇ ಎಂಬ ಕಂಪ್ಯೂಟರ್ ತಜ್ಞರು 1968ರಲ್ಲಿ ಬರೆದ ಒಂದು ಮಾತಿದೆ. ಒಂದು ಸಂಸ್ಥೆ ಯಾವ ವ್ಯವಸ್ಥೆಯನ್ನು ರೂಪಿಸಿದರೂ, ಅಲ್ಲಿನ ಜನ ಒಬ್ಬರಿಗೊಬ್ಬರು ಹೇಗೆ ಮಾತಾಡಿಕೊಳ್ಳುತ್ತಾರೋ ಅದರ ಅಚ್ಚೇ ಆ ವ್ಯವಸ್ಥೆಯಲ್ಲೂ ಮೂಡುತ್ತದೆ ಅಂತ. ಇದಕ್ಕೆ ವಿಶ್ವವಿದ್ಯಾಲಯದ ವೆಬ್‌ಸೈಟಿಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಕುಲಪತಿ, ಕುಲಸಚಿವರು, ಹಣಕಾಸು, ಪರೀಕ್ಷೆ, ನಿಕಾಯಗಳು: ಮೆನು ನೋಡಿದರೆ ಆಡಳಿತದ ನಕ್ಷೆಯನ್ನೇ ನೋಡಿದ ಹಾಗೆ. ಕಟ್ಟಿದ ಶುಲ್ಕ ವಾಪಸ್ ಬೇಕಾದ ವಿದ್ಯಾರ್ಥಿಗೆ ಅದು ಹಣಕಾಸು ವಿಭಾಗದ ಕೆಲಸವೋ ಪ್ರವೇಶ ವಿಭಾಗದ್ದೋ ಗೊತ್ತಿರುವುದಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ, ಅಲ್ವಾ?

ಈ ಜಾಗದ ಜಗಳ ಬಗೆಹರಿಸಲಿಕ್ಕೆಂದೇ ಮುಖಪುಟದ ಮೇಲ್ಗಡೆ ತಾನಾಗಿ ಓಡುವ ಫೋಟೊ ಸಾಲು ಬಂದಿರಬೇಕು ಅಂತ ನನ್ನ ಗುಮಾನಿ. ಐದು ವಿಭಾಗಕ್ಕೆ ಐದೈದು ಸೆಕೆಂಡ್, ಎಲ್ಲರಿಗೂ ಸಮಾಧಾನ. ಅಮೆರಿಕದ ನೋಟ್ರ ಡೇಮ್ ವಿಶ್ವವಿದ್ಯಾಲಯದ ವೆಬ್ ತಂಡದವರೊಬ್ಬರು 2013ರಲ್ಲಿ ತಮ್ಮ ಸೈಟಿನ ಲೆಕ್ಕ ತೆಗೆದು ನೋಡಿದರು. ಬಂದವರಲ್ಲಿ ಆ ಫೋಟೊಗಳ ಮೇಲೆ ಕ್ಲಿಕ್ ಮಾಡಿದವರು ನೂರಕ್ಕೆ ಹೆಚ್ಚುಕಡಿಮೆ ಒಬ್ಬರು. ಆ ಕ್ಲಿಕ್ಕುಗಳಲ್ಲೂ ಐದರಲ್ಲಿ ನಾಲ್ಕಕ್ಕಿಂತ ಜಾಸ್ತಿ ಮೊದಲನೇ ಫೋಟೊಗೇ ಬಿದ್ದಿದ್ದವು. ನಾಲ್ಕನೆಯ, ಐದನೆಯ ಜಾಗಕ್ಕಾಗಿ ಗುದ್ದಾಡುತ್ತಿರುವವರಿಗೆ ಇದನ್ನು ತೋರಿಸಿ. ಇನ್ನೊಂದು ವಿಷಯ. ಆ ದೊಡ್ಡ ಫೋಟೊಗಳೆಲ್ಲ ಇಳಿದ ಮೇಲೇ ಪುಟ ಪೂರ್ತಿ ತೆರೆಯುವುದು. ರಿಸಲ್ಟ್ ದಿನ ಸಾವಿರಾರು ಜನ ಒಂದೇ ಹೊತ್ತಿಗೆ ಅದೇ ಬಾಗಿಲಿಗೆ ಬರುತ್ತಾರೆ. ಫಲಿತಾಂಶಕ್ಕೆ ಫೋಟೊ ಇಲ್ಲದ ಹಗುರವಾದ ಬೇರೆ ಪುಟ ಮಾಡಿ, ಅದರ ವಿಳಾಸ ಎಲ್ಲರಿಗೂ ಮೊದಲೇ ತಿಳಿಸಿ. ವಿದ್ಯಾರ್ಥಿಗಳ ದೂರಿನಲ್ಲಿ ಅರ್ಧ ಅಲ್ಲಿಗೇ ಕಡಿಮೆಯಾಗಬಹುದು.

ಕೇಳುವುದಕ್ಕಿಂತಲೂ ಪಕ್ಕದಲ್ಲಿ ಕೂತು ನೋಡುವುದು ಮೇಲು. ಒಬ್ಬ ವಿದ್ಯಾರ್ಥಿಯನ್ನು ಕರೆದು ಕೂರಿಸಿ. ಕೈಯಲ್ಲಿ ಅವನದೇ ಫೋನ್ ಇರಲಿ, ಲ್ಯಾಬಿನ ದೊಡ್ಡ ಪರದೆ ಬೇಡ. ‘ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಕೊನೆಯ ದಿನ ಯಾವತ್ತು, ಹುಡುಕು. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹೋಗು’ ಅನ್ನಿ. ಆಮೇಲೆ ನೀವು ಬಾಯಿ ಮುಚ್ಚಿಕೊಂಡಿರಿ. ಪಾಠ ಹೇಳುವವರಿಗೆ ಇದೇ ಭಾರಿ ಕಷ್ಟ. ಹೆಬ್ಬೆರಳು ‘ವಿದ್ಯಾರ್ಥಿಗಳು’ ಮೇಲೆ ಹೋಗುತ್ತದೆ, ನಿಲ್ಲುತ್ತದೆ, ‘ಪರೀಕ್ಷೆ’ ಕಡೆ ತಿರುಗುತ್ತದೆ. ಒಳಗೆ ಹೋದರೆ ಸುತ್ತೋಲೆಗಳ ಉದ್ದ ಪಟ್ಟಿ. ಯಾವುದರ ಬಗ್ಗೆ ಅಂತ ಇಲ್ಲ, ಬರೀ ಕಡತದ ಸಂಖ್ಯೆ ಮತ್ತು ದಿನಾಂಕ. ಒಂದನ್ನು ಒತ್ತಿದರೆ ಪಿಡಿಎಫ್ ಇಳಿಯುತ್ತದೆ. ಓರೆಯಾಗಿ ಸ್ಕ್ಯಾನ್ ಆದ ಕಾಗದ. ದೊಡ್ಡದು ಮಾಡಿದರೆ ಸಾಲಿನ ಅರ್ಧ ಪರದೆಯಿಂದ ಆಚೆ. ಕಷ್ಟಪಟ್ಟು ಓದಿದರೆ ಅದು ಹೋದ ವರ್ಷದ್ದು! ವಾಪಸ್ ಬಂದರೆ ಪಟ್ಟಿ ಮತ್ತೆ ಮೇಲಿನಿಂದ ಶುರು. ‘ಇರಲಿ ಬಿಡಿ ಮೇಡಂ, ಫ್ರೆಂಡ್‌ನ ಕೇಳ್ತೀನಿ’ ಅಂದುಬಿಡುತ್ತಾನೆ. ಇದರಲ್ಲಿ ಒಂದು ಸಾಲಾದರೂ ನಿಮ್ಮ ಫಾರ್ಮಿನಲ್ಲಿ ಬರುತ್ತಿತ್ತಾ?

ಇದಕ್ಕೆ ನೂರಾರು ಜನ ಬೇಕಿಲ್ಲ. ಜನ ಕಂಪ್ಯೂಟರನ್ನು ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುತ್ತಿದ್ದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲೇ ಈ ಲೆಕ್ಕ ಹಾಕಿದ್ದರು. ಅದನ್ನು ಹಿಡಿದು ನೀಲ್ಸನ್ 2000ದಲ್ಲಿ ಬರೆದದ್ದು ಈಗ ಈ ಕಸುಬಿನವರಿಗೆ ಬಾಯಿಪಾಠ: ಐದು ಜನರನ್ನು ಹೀಗೆ ಕೂರಿಸಿ ನೋಡಿದರೆ ತೊಡಕುಗಳಲ್ಲಿ ಸುಮಾರು ಶೇ. 85ರಷ್ಟು ಕಣ್ಣಿಗೆ ಬೀಳುತ್ತವೆ. ಈ ಸಂಖ್ಯೆಯ ಬಗ್ಗೆ ತಕರಾರು ತೆಗೆದವರೂ ಇದ್ದಾರೆ. ಅಲ್ಲದೆ ಅದು ಒಂದೇ ಬಗೆಯ ಜನರ ಲೆಕ್ಕ. ಸೇರಲು ಬಂದವರು, ಓದುತ್ತಿರುವವರು, ಸಿಬ್ಬಂದಿ ಹೀಗೆ ಒಂದೊಂದು ಬಗೆಯಿಂದ ಮೂರ್ನಾಲ್ಕು ಜನ ಇದ್ದರೆ ಒಳ್ಳೆಯದು. ಹದಿನೈದು ಜನ ಸಿಕ್ಕರೆ ಒಂದೇ ಸಲ ಮುಗಿಸಬೇಡಿ. ಐದು ಜನ ನೋಡಲಿ, ಸರಿಪಡಿಸಿ, ಮತ್ತೆ ಐದು ಜನ ನೋಡಲಿ.

ಮೆನು ಜೋಡಿಸಲಿಕ್ಕೂ ಒಂದು ಸುಲಭ ಉಪಾಯ ಇದೆ, ಕಾರ್ಡ್ ಸಾರ್ಟಿಂಗ್ ಅನ್ನುತ್ತಾರೆ. ಸೈಟಿನಲ್ಲಿರುವ ನಲವತ್ತು ಐವತ್ತು ವಿಷಯಗಳನ್ನು ಒಂದೊಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಹರಡಿ. ನಿಮಗೆ ಸರಿ ಅನ್ನಿಸಿದ ಹಾಗೆ ಗುಂಪು ಮಾಡಿ, ಗುಂಪಿಗೆ ಹೆಸರಿಡಿ ಅನ್ನಿ. ಹಾಸ್ಟೆಲ್, ಐಡಿ ಕಾರ್ಡ್, ಗ್ರಂಥಾಲಯದ ಸದಸ್ಯತ್ವ ಮೂರನ್ನೂ ಒಂದೇ ಕಡೆ ಇಡುತ್ತಾರೆ. ಅವು ಮೂರು ಬೇರೆ ಬೇರೆ ಕಚೇರಿ ಎಂಬುದು ಅವರ ತಲೆಗೆ ಬರುವುದೇ ಇಲ್ಲ.

ಮೂರು ಡಿಸೈನಿಗೆ ವೋಟ್ ಹಾಕಿಸುವುದು ಬೇಡ. ಏಜೆನ್ಸಿಯವರ ಚಿತ್ರದಲ್ಲಿ ಎಲ್ಲ ಶೀರ್ಷಿಕೆಯೂ ಎರಡೇ ಪದ, ಎಲ್ಲ ಫೋಟೊದಲ್ಲೂ ಹುಲ್ಲಿನ ಮೇಲೆ ಕೂತು ನಗುತ್ತಿರುವ ಹುಡುಗರು. ಜನ ಆ ಫೋಟೊಗೆ ವೋಟ್ ಹಾಕುತ್ತಾರೆ. ನಿಮ್ಮಲ್ಲಿ ಅತಿ ಉದ್ದ ಹೆಸರಿರುವ ವಿಭಾಗ, ಶುಲ್ಕದ ನಿಜವಾದ ಕೋಷ್ಟಕ, ಪರೀಕ್ಷೆ ಮುಂದೂಡಿದ ನೋಟಿಸ್, ಇವಿಷ್ಟನ್ನು ಹಾಕಿ ತೋರಿಸಿ ಅನ್ನಿ. ಮೂರರಲ್ಲಿ ಎರಡು ಅಲ್ಲೇ ಮುಗ್ಗರಿಸಿದರೂ ಆಶ್ಚರ್ಯ ಇಲ್ಲ.

ಹಾಗಂತ ಯಾರಿಗೂ ಹೇಳದೆ ಮಾಡಿ ಮುಗಿಸುವುದೂ ಅಪಾಯ. 2012ರಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಹೊಸ ಲೋಗೊ ತಂದಿತು. ಹಳೆಯ ಮುದ್ರೆಯನ್ನು ಪೂರ್ತಿ ಬಿಡುವ ಉದ್ದೇಶ ಅವರಿಗೇನೂ ಇರಲಿಲ್ಲ. ಆದರೆ ವಿದ್ಯಾರ್ಥಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಅದು ಏಕಾಏಕಿ ಬಂದು ಎರಗಿದಂತೆ ಕಂಡಿತು. ವಿರೋಧದ ಮನವಿಗೆ 50,000ಕ್ಕೂ ಜಾಸ್ತಿ ಸಹಿ ಬಿತ್ತು. ಆ ಡಿಸೆಂಬರಿನಲ್ಲೇ ಲೋಗೊ ಕೈಬಿಟ್ಟರು. ಹೆಸರು, ಮುದ್ರೆ, ಗುರುತು ಇವು ಜನ ತಮ್ಮದು ಅಂದುಕೊಂಡಿರುವಂಥವು. ಅಲ್ಲಿ ಅಭಿಪ್ರಾಯ ಕೇಳಲೇಬೇಕು. ಮೆನುವಿನ ಕ್ರಮ ಹಾಗಲ್ಲ, ಅದು ಪರೀಕ್ಷೆ ಮಾಡಿ ತಿಳಿಯುವಂಥದ್ದು. ಯಾವ ವಿಷಯದಲ್ಲಿ ಜನರ ಮಾತೇ ಕೊನೆ, ಯಾವುದರಲ್ಲಿ ಸಮಿತಿಯದ್ದು ಅಂತ ಮೊದಲೇ ಬರೆದು ತಿಳಿಸಿಬಿಡಿ.

ನೀಲಿಯ ವಿಷಯ ಉಳಿಯಿತು. ಇಲ್ಲಿ ಒಂದು ಗಟ್ಟಿ ನಿಯಮ ಇದೆ. ವೆಬ್ ಎಲ್ಲರಿಗೂ ಎಟುಕಬೇಕು ಅಂತ, ವೆಬ್‌ಗೆ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಮಾಡಿರುವ ಮಾರ್ಗಸೂಚಿಯ ಹೆಸರು ಡಬ್ಲ್ಯುಸಿಎಜಿ. ಅದರ 2.2ನೇ ಆವೃತ್ತಿ 2023ರಲ್ಲಿ ಬಂತು. ಅದರ ಮೂರು ಮಟ್ಟಗಳಲ್ಲಿ ನಡುವಿನದಾದ ಎಎ ಮಟ್ಟದಲ್ಲಿ, ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿಂದಿನ ಬಣ್ಣಕ್ಕೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕು. ನೀಲಿ ಇದರಲ್ಲಿ ಪಾಸಾದರೆ ಇರಲಿ. ಫೇಲಾದರೆ ಯಾರೇ ಹೇಳಿದರೂ ಬೇಡ. ಕಣ್ಣು ಕಾಣದವರು ಪರದೆಯ ಮೇಲಿನ ಅಕ್ಷರ ಓದಿ ಹೇಳುವ ಸ್ಕ್ರೀನ್ ರೀಡರ್ ಹಾಕಿಕೊಂಡು ಕೇಳಿಸಿಕೊಳ್ಳುತ್ತಾರೆ. ಸ್ಕ್ಯಾನ್ ಮಾಡಿದ ಸುತ್ತೋಲೆ ಆ ತಂತ್ರಾಂಶದ ಪಾಲಿಗೆ ಬರೀ ಚಿತ್ರ. ಇಂಥ ವಿದ್ಯಾರ್ಥಿಗಳನ್ನು ಕೊನೆಯಲ್ಲಿ ಕರೆಯಬೇಡಿ, ಶುರುವಿನಲ್ಲೇ ಜೊತೆಗೆ ಕೂರಿಸಿಕೊಳ್ಳಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ಪಾಠಗಳ ವಿಡಿಯೊಗಳನ್ನು ವರ್ಷಗಟ್ಟಲೆ ಎಲ್ಲರಿಗೂ ಉಚಿತವಾಗಿ ಬಿಟ್ಟಿತ್ತು. ಹಲವಕ್ಕೆ ಸರಿಯಾದ ಕ್ಯಾಪ್ಷನ್ ಇಲ್ಲ, ಕಿವಿ ಕೇಳದವರಿಗೆ ಉಪಯೋಗ ಇಲ್ಲ ಅಂತ ದೂರು ಹೋಯಿತು. 2016ರಲ್ಲಿ ಅಮೆರಿಕದ ನ್ಯಾಯ ಇಲಾಖೆ ದೂರನ್ನು ಎತ್ತಿಹಿಡಿಯಿತು. 2017ರಲ್ಲಿ 20,000ಕ್ಕೂ ಜಾಸ್ತಿ ವಿಡಿಯೊ, ಆಡಿಯೊ ಪಾಠಗಳು ಹೊರಗಿನವರಿಗೆ ಸಿಗದಂತೆ ಆದವು. ಕಿವಿ ಕೇಳುವವರಿಗೂ ಇಲ್ಲ, ಕೇಳದವರಿಗೂ ಇಲ್ಲ.

ಗ್ರಂಥಪಾಲಕರನ್ನು ಸಮಿತಿಗೆ ಸೇರಿಸಿಕೊಂಡಿದ್ದೀರಾ? ಇಲ್ಲದಿದ್ದರೆ ಸೇರಿಸಿಕೊಳ್ಳಿ. ಹೊಸ ಸೈಟ್ ಬಂದ ದಿನ ಹಳೆಯ ವಿಳಾಸಗಳೆಲ್ಲ ಸತ್ತುಹೋಗುವುದು ಮಾಮೂಲಿ. ಪ್ರಬಂಧಗಳಲ್ಲಿ, ಲೇಖನಗಳಲ್ಲಿ ಕೊಟ್ಟ ಲಿಂಕ್ ಒತ್ತಿದರೆ ‘404’, ಅಂದರೆ ಪುಟ ಸಿಗಲಿಲ್ಲ ಅಂತ. ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿರುವ ಲಿಂಕುಗಳಲ್ಲಿ ಅರ್ಧದಷ್ಟು ಮೂಲದಲ್ಲಿದ್ದ ಮಾಹಿತಿಯನ್ನು ತೋರಿಸುತ್ತಿಲ್ಲ ಅಂತ ಹಾರ್ವರ್ಡ್‌ನವರ ಅಧ್ಯಯನವೊಂದು 2014ರಲ್ಲಿ ಹೇಳಿತ್ತು. ಹಳೆಯ ವಿಳಾಸದಿಂದ ಹೊಸದಕ್ಕೆ ತಾನಾಗಿ ಕಳಿಸುವ ಏರ್ಪಾಡನ್ನು ಏಜೆನ್ಸಿಯ ಕರಾರಿನಲ್ಲೇ ಬರೆಸಿ.

ಕಣ್ಣೊರೆಸುವ ಕೆಲಸವಾ ಅಂತ ಕೇಳಿದ್ದೀರ. ಅದು ತಿಳಿಯುವುದು ಫಾರ್ಮ್ ಮುಚ್ಚಿದ ಮೇಲೆ. ಬಂದ ಮಾತುಗಳಲ್ಲಿ ಯಾವುದನ್ನು ತಗೊಂಡಿರಿ, ಯಾವುದನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ಒಂದು ಪುಟ ಬರೆದು ಉತ್ತರ ಕೊಟ್ಟವರಿಗೆಲ್ಲ ಕಳಿಸಿ. ನೀಲಿ ಬೇಡ ಅಂದವರಿಗೂ ಕಳಿಸಿ. ತಮ್ಮ ಮಾತು ನಡೆಯದಿದ್ದರೂ ಜನ ಸಹಿಸಿಕೊಳ್ಳುತ್ತಾರೆ, ಓದಲೇ ಇಲ್ಲ ಅಂತ ಗೊತ್ತಾದರೆ ಮಾತ್ರ ಸಿಟ್ಟಾಗುತ್ತಾರೆ.

ಉದ್ಘಾಟನೆಗೆ ದಿನ ಗೊತ್ತು ಮಾಡುವ ಮೊದಲು ಪರೀಕ್ಷಾ ವಿಭಾಗದ ಕ್ಯಾಲೆಂಡರ್ ನೋಡಿ. ರಿಸಲ್ಟ್ ವಾರ, ಪ್ರವೇಶದ ವಾರ ಬೇಡ. ಪ್ರತಿ ಪುಟದ ಕೆಳಗೆ ‘ಇದರಲ್ಲಿ ತಪ್ಪಿದೆಯಾ? ತಿಳಿಸಿ’ ಅಂತ ಒಂದು ಲಿಂಕ್ ಇರಲಿ. ಬಂದದ್ದನ್ನು ಓದಿ ಉತ್ತರಿಸುವವರು ಯಾರು ಅಂತ ಈ ತಿಂಗಳ ಸಭೆಯಲ್ಲೇ ಒಬ್ಬರ ಹೆಸರು ಬರೆಸಿಕೊಳ್ಳಿ. ‘ಸಮಿತಿ’ ಅಂತ ಬರೆಯಲು ಬಿಡಬೇಡಿ.

– ಸಂ.